ಮುಚ್ಚಂಜೇಲಿ ಕೂಗಿದವನು

ಹಲೋ... ಹಲೋ, ಯಾರು ಮಾತಾಡ್ತಿರೋದು? ಬೆಂಗಳೂರು ಮಿಲ್ಟ್ರಿ ಕ್ಯಾಂಪಾ?... ನಾನು ಸ್ವಾಮಿ, ದುದ್ದದ ಕಡೆ ಹೊನ್ನಯ್ಯ. ಮಂಡ್ಯದ ಪೋಸ್ಟಾಪೀಸಿಂದ ಮಾತಾಡ್ತಾ ಇವ್ನಿ. ನಮ್ಮಕ್ಕನ ಮಗ ಚಲುವರಾಜು ಅಂತ ನಿಮ್ಮ ದಂಡಲ್ಲವ್ನೆ. ಬದುಕವ್ನಾ ಇಲ್ವಾ, ಅದೊಂದು ಏಳ್ಬುಡಿ.

...

ಹಾಂ?... ಅಲ್ಲೇ ಅವ್ನಾ? ಕರುಸ್ತೀರಾ?... ಆಗ್ಲಿ ಸ್ವಾಮಿ, ಇಡ್ಕೊಂಡೇ ಇರ್ತೀನಿ.

...

ಹಲೋ... ಯಾರು, ಚಲುವರಾಜಾ? ನೀನೇನ್ಲಾ?... ಇನ್ನೊಂದ್ ಸಲ ಮಾತಾಡು, ಸರ್ಯಾಗ್ ಕೇಳುಸ್ನಿಲ್ಲ... ಹೂಂ, ನೀನೇ ಕಣ್ಲಾ. ನಾನು ನಿನ್ ಸೋದರಮಾವ. ಅಯ್ಯೋ ಬಡ್ಡೆತ್ತದೆ, ಬದುಕಿದ್ದೀಯಲ್ಲಾ.

...

ಇಮಾನದಲ್ಲಿ ಬತ್ತೀನಿ ಅಂತ ಕಾಗ್ದ ಬರ್ದಿದ್ದಲ್ಲಾ, ಮತ್ತೆ?... ಜಾಗ ಇಲ್ಲ ಅಂತ ರೈಲಿಗತ್ತುಸಿದ್ರಾ? ಅದ್ನ ಒಂದು ಕಾರ್ಡಲ್ಲಿ ಗೀಚಾಕೆ ಏನ್ಲಾ ದಾಡಿ ನಿಂಗೆ?... ಬರ್ದಿದ್ಯಾ? ಬಂದಿಲ್ಲ ಕಣ್ಲಾ. ಬಂದಿದ್ರೆ ನಮ್ಗೆ ಈ ಪಾಡು ಯಾಕೆ ಬತ್ತಿತ್ತು.

...

ಯಾವ ಪಾಡು ಅಂತೀಯಲ್ಲ, ಆ ಇಮಾನ ಬಿದ್ದಿದ್ದು ನಮ್ಮ ಕೆರೇಲಿ ಕಣ್ಲಾ... ಹೂಂ, ನಿಮ್ಮನೆ ಹಿಂದ್ಲ ಕೆರೆ ಅಂಗ್ಳದಲ್ಲೇ. ಗಾಳಿಮಳೆ ಅಂದ್ರೆ, ಕೊಟ್ಗೇಲಿದ್ದ ದನ ಕಾಣ್ದು. ಮೋಡದೊಳ್ಗೆ ಗುಂಯ್ ಅಂತ ಸುತ್ತಿ ಸುತ್ತಿ, ಬಯಲು ಅಂದ್ಕೊಂಡು ಇಳ್ಸಾಕೆ ನೋಡವ್ನೆ ಪುಣ್ಯಾತ್ಮ. ಚಕ್ರ ಗೋಡುಮಣ್ಣಲ್ಲಿ ಊತ್ಕೊಂಡು ಮೊಕಾಡೆ ಮಗುಚ್ಕೊಂಡು, ಬೆಂಕಿ ಅತ್ಕೊಂಡದೆ. ನಾವು ಸಿಡ್ಲು ಒಡೀತು ಅಂದ್ಕೊಂಡು ಬಾಗ್ಲಾಕ್ಕೊಂಡು ಕೂತಿದ್ವಿ... ಇಲ್ಲ ಕಣ್ಲಾ. ಒಬ್ರೂ ಉಳೀನಿಲ್ಲ.

...

ನಿಮ್ಮವ್ವಾನಾ? ಇಲ್ಲೇ ಬೆಂಚಿನ ಮೇಲೆ ಕೂತವ್ಳೆ, ಗಾಡೀಲಿ ಕರ್ಕೊಂಡ್ ಬಂದೆ. ಕೊಡ್ತೀನಿ ಇರು, ಮೊದ್ಲು ನಾನೇಳೋದು ಕೇಳ್ಕೊ.

...

ಅವತ್ತು ಮನೇಲಿ ನಿಮ್ಮವ್ವ, ನಿನ್ ತಂಗಿ ದೇವಿರಮ್ಮ ಇಬ್ರೇಯ. ದೇವಿರಮ್ಮ ಅಸಿ ಬಾಣ್ತಿ... ಹೂಂ, ಗಂಡುಮಗ, ಚೆನ್ನಾಗದೆ, ಅದಿರ್ಲಿ ಕೇಳು. ಮುಚ್ಚಂಜೆ ಹೊತ್ತು. ಬಾಗ್ಲಿಗೆ ಬೇವಿನ ಸೊಪ್ಪು ಸಿಕ್ಸಿ ಅಗ್ಳಿ ಆಕ್ಕೊಂಡವ್ರೆ. ಆಚೆ ಯಾರೋ "ಅಮ್ಮಾ" ಅಂದಂಗಾಯ್ತು. ನಮ್ಮ ಕಡೆ ಗೊತ್ತಲ್ಲ ನಿಂಗೆ, ಮುಚ್ಚಂಜೇಲಿ ಮೂರು ಸಲ ಕೂಗೋಗಂಟ ಓಗೊಡಾಕಿಲ್ಲ. ಗಾಳಿ ಗೀಳಿ ಆಗಿದ್ರೆ ಮೂರ್ನೇದು ಕೂಗಾಕಿಲ್ವಂತೆ. ಅದ್ರಲ್ಲೂ ಬಾಣ್ತಿ ಮನೆ. ನಿಮ್ಮವ್ವ ಮಗೀನ ಮಡ್ಲಿಗೆ ಎಳ್ಕೊಂಡು ಉಸ್ರು ಬುಡ್ದಂಗೆ ಕೂತ್ಲಂತೆ. ಇನ್ನೊಂದ್ ಸಲ ಕೂಗ್ತು, ಸಣ್ಣ ದನೀಲಿ. ಅವ್ಳಿಗೆ ತಡೀನಿಲ್ಲ. ಮಗೀನ ದೇವಿರಮ್ಮನ ಕೈಗೆ ಕೊಟ್ಟು, ಎದ್ದೋಗಿ ಅಗ್ಳಿ ಮೇಲೆ ಕೈ ಮಡಿಕ್ಕೊಂಡು ನಿಂತ್ಕೊಂಡ್ಲು. ಮೂರ್ನೇದು ಬರ್ಲಿ, ತಗೀತೀನಿ ಅಂತ.

...

ಬರ್ನಿಲ್ಲ ಕಣ್ಲಾ.

...

ಬೆಳಗ್ಗೆ ಬಾಗ್ಲು ತಗುದ್ರೆ, ಜಗ್ಲಿ ಮೇಲೆ ಮಿಲ್ಟ್ರಿ ಉಡುಗ. ಕಂಬಕ್ಕೆ ಒರಗ್ಕೊಂಡು ಕೂತಂಗೇ ಅವ್ನೆ. ಮೊಕ ಸುಟ್ಟೋಗಿ ಗುರ್ತಿಲ್ಲ. ನಿನ್ನಷ್ಟೇ ಎತ್ರ. ಮದ್ಯಾನ್ನ ದಂಡಿನ ಲಾರಿ ಬಂತು, ಎಲ್ರುನೂ ಸುತ್ಕೊಂಡು ಎತ್ತಾಕ್ಕೊಂಡು ಓಯ್ತು. ಲಾರಿ ಹಿಂದೆ ಓಡುದ್ಲು ನಿಮ್ಮವ್ವ, ಇವ್ನ ಎಸ್ರೇನು ಎಸ್ರೇನು ಅಂತ. ಅವ್ರ ಬಾಸೆ ಇವ್ಳಿಗೆ ತಿಳೀದು, ಇವ್ಳ ಬಾಸೆ ಅವ್ರಿಗೆ ತಿಳೀದು.

...

ಏಳ್ದೆ ಕಣ್ಲಾ, ಏಳ್ದೆ ಇರ್ತೀನಾ? ನಮ್ಮುಡುಗ ಅವ್ವ ಅಂತಾನೆ ಕಣಕ್ಕ, ಅಮ್ಮ ಅನ್ನಾಕಿಲ್ಲ ಅಂದೆ. ದಂಡಿಗೋದೋರ ನಾಲ್ಗೆ ತಿರುಗ್ಬುಡ್ತದೆ ಅಂತಾಳೆ. ಇಮಾನದಲ್ಲಿ ಬತ್ತೀನಿ ಅಂದಿದ್ದ, ಬಂದ, ನಾನೇ ಬಾಗ್ಲು ತಗೀನಿಲ್ಲ ಅಂತಾಳೆ. ಒಂದು ತುತ್ತು ಇಳಿಯಾಕಿಲ್ಲ. ಬಾಗ್ಲು ಆಕಾಕೆ ಬುಡಾಕಿಲ್ಲ. ಕಾಗೆ ಕೂಗುದ್ರೂ "ಬಂದೆ ಕಣಪ್ಪ" ಅಂತ ಎದ್ದೋಯ್ತಾಳೆ. ಇಂಗೇ ಆದ್ರೆ ನಿಮ್ಮವ್ವ ಉಳಿಯಾಕಿಲ್ಲ. ನಿನ್ ದನಿ ಒಂದ್ ಸಲ ಕಿವಿಗೆ ಬೀಳ್ಲಿ ಅಂತ ಎಳ್ಕೊಂಡ್ ಬಂದಿವ್ನಿ.

...

ಅಳ್ಬ್ಯಾಡ ಕಣ್ಲಾ, ನೀನು ಅತ್ರೆ ಅವ್ಳಿಗೇನು ಗೊತ್ತಾಯ್ತದೆ. ನೆಟ್ಗೆ ಮಾತಾಡು... ಅಕ್ಕ, ಬಾ ಇಲ್ಲಿ. ಇದ ಕಿವಿಗಿಟ್ಕೊ. ಅಂಗಲ್ಲ, ತಿರುಗ್ಸು. ನಿನ್ ಮಗ ಕಣಕ್ಕ, ಬದುಕವ್ನೆ.

...

...

ಹಲೋ... ನಾನೇ ಕಣ್ಲಾ, ಹೊನ್ನಯ್ಯ. ವಾಪಸ್ ಕೊಟ್ಬುಟ್ಲು... ನೀನೇ ಅಂತ ಗೊತ್ತಾಯ್ತು ಬುಡು. ಸೆರಗು ಕಚ್ಕೊಂಡು ಅಳ್ತಾವ್ಳೆ. ಅಳ್ಲಿ, ನನ್ ಎದೆ ಮೇಲಿನ ಕಲ್ಲೇ ಇಳೀತು. ಇನ್ನು ಉಣ್ತಾಳೆ, ಮಲೀಕತಾಳೆ.

...

ತಡಿ, ಏನೋ ಅಂತಾವ್ಳೆ... ಏನಕ್ಕ?... ಚಲುವರಾಜು, ನಿಮ್ಮವ್ವ ಕೇಳ್ತಾವ್ಳೆ, ಅಂಗಾರೆ ಅವ್ನು ಯಾರ ಮಗ ಅಂತ.

...

ಗೊತ್ತಾ?... ಒಬ್ಬ ಮಾತ್ರ ಜಗ್ಲಿ ಮೇಲೆ ಸಿಕ್ದ ಅಂತ ಪಟ್ಟೀಲಿ ಬರ್ದವ್ರಾ?... ನಿನ್ ಪಕ್ಕದ ಮಂಚದೋನಾ? ಸೇಲಂ ಕಡೆಯೋನಾ?... ತಾಯಿ ಅವ್ಳಾ?... ಹೂಂ... ಅವ್ನ ಪೆಟ್ಗೆ ಕೊಟ್ಬರಾಕೆ ನೀನೇ ಓಯ್ತಾ ಇದ್ದೀಯಾ? ಯಾವಾಗ್ಲಾ, ನಾಳೇಕಾ?

...

ಇರು, ಕೇಳಿ ಏಳ್ತೀನಿ... ಇಂಗಂತಾವ್ಳೆ ಕಣ್ಲಾ. ಆ ತಾಯಿ ಕೇಳ್ತಾಳಂತೆ, ಕೇಳ್ದೆ ಬುಡಾಕಿಲ್ವಂತೆ. ನಿನ್ ಮಗ ಕೂಗುದ್ ಏಟ್ಗೆ ಬಾಗ್ಲು ತಗುದ್ರು ಅಂತ ನೀನು ಏಳ್ಬೇಕಂತೆ. ಒಳಕ್ಕೆ ಕರ್ಕೊಂಡು, ಮೈ ಒರ್ಸಿ, ಬಾಣ್ತಿಗೆ ಕಾಸಿದ್ದ ಬಿಸ್ನೀರೇ ಕುಡುಸುದ್ರು ಅಂತ. ನಮ್ಮವ್ವನ ತೊಡೆ ಮೇಲೆ ತಲೆ ಮಡಿಕ್ಕೊಂಡೇ ಓದ ಅಂತ.

...

ಸುಳ್ಳು ಅಂತ ನಂಗೂ ಗೊತ್ತು ಕಣ್ಲಾ. ಅವ್ಳಿಗೂ ಗೊತ್ತು. ಏಳ್ತೀನಿ ಅನ್ನು... ನಿಮ್ಮವ್ವ ನನ್ ಬಾಯೇ ನೋಡ್ತಾ ನಿಂತವ್ಳೆ. ಏಳ್ತೀನಿ ಅನ್ಲಾ...

...

ಹಲೋ... ಚಲುವರಾಜು... ಹಲೋ...

...

ಏಳ್ತೀನಿ ಅಂದ ಕಣಕ್ಕ.