ಬಲೂನು ಯಾಕೆ ಉಬ್ಬಿತು

ತೊಂಬತ್ತಾರರ ಜನವರಿ. ವಡೋದರಾದಲ್ಲಿ ಮಂಜಲ್‌ಪುರದ ಬಸ್ಸು ಹತ್ತಿ ಕೂತಿದ್ದೆ. ಮುಂದಿನ ಸೀಟಿನಲ್ಲಿ ಕನ್ನಡ ಕೇಳಿಸಿತು. ಅಪ್ಪನ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ದೋಸೆ ಕಾವಲಿ. ಮಗಳ ತೊಡೆಯ ಮೇಲೆ ದೋಸೆ ಹಿಟ್ಟಿನ ಬಾಟಲಿ, ಅದರ ಬಾಯಿಗೆ ಕಟ್ಟಿದ ಕೆಂಪು ಬಲೂನು ಚೆನ್ನಾಗಿ ಉಬ್ಬಿತ್ತು.

“ಸೈನ್ಸ್ ಪ್ರಾಜೆಕ್ಟಿಗೆ ಫಸ್ಟ್ ಪ್ರೈಜ್ ಬಂದೂ ಮುಖ ಊದಿಸಿ ಕೂತಿದ್ದಿಯಲ್ಲ ಅಕ್ಷತಾ.”

“ಪ್ರೈಜ್ ಬಂದದ್ದು ದೋಸೆಗೆ ಪಪ್ಪಾ.”

“ಹಿಟ್ಟು ನಿಂದೇ ಅಲ್ವಾ?”

“ನಂದು ಈ ಬಾಟಲಿಯಲ್ಲೇ ಉಂಟು. ಅವರು ತಿಂದದ್ದು ನಮ್ಮ ಹೋಟೆಲಿಂದು.”

“ಬರೀ ಬಾಟಲಿ ನೋಡ್ಲಿಕ್ಕೆ ಯಾರು ಬರ್ತಾರೆ? ಅದಕ್ಕೇ ನಾನು ಕಾವಲಿ ತಂದದ್ದು. ನಿನ್ನ ಟೇಬಲಿನ ಎದುರು ಎಷ್ಟು ದೊಡ್ಡ ಲೈನ್ ಇತ್ತು.”

“ಲೈನಲ್ಲಿ ಎಲ್ರ ಕೈಯಲ್ಲೂ ಪ್ಲೇಟ್ ಇತ್ತು.”

“ಜಡ್ಜ್ ಎರಡು ಸಲ ಬಂದ್ರು.”

“ಎರಡನೇ ಸಲ ಹೆಂಡತಿಯನ್ನು ಕರ್ಕೊಂಡು ಬಂದ್ರು.”

ಅಪ್ಪ ನಕ್ಕರು. ಮಗಳು ನಗಲಿಲ್ಲ.

“ಈ ಚಳಿಗೆ ಹಿಟ್ಟು ಹುಳಿ ಬರೋದೇ ಇಲ್ಲ. ನನ್ನ ಸ್ವೆಟರ್ ಬಾಟಲಿಗೆ ಹಾಕಿ ನಾನು ಚಳಿಯಲ್ಲಿ ಕೂತಿದ್ದೆ. ಬಲೂನ್ ಯಾಕೆ ಉಬ್ಬಿತು ಅಂತ ಒಬ್ರೂ ಕೇಳ್ಲಿಲ್ಲ.”

“ಕೇಳದಿದ್ರೆ ನೀನೇ ಹೇಳ್ಬೇಕಿತ್ತು.”

“ಜಡ್ಜ್ ಹತ್ರ ಹೇಳಿದೆ. ಚಟ್ನಿ ಇನ್ನೂ ಉಂಟಾ ಅಂದ್ರು.”

“ಕೊಟ್ಟೆ ತಾನೆ?”

“ಕೊಟ್ಟೆ.”

ಅವರ ಸ್ಟಾಪು ಬಂತು. ಇಬ್ಬರೂ ಎದ್ದರು.

“ಹೋಗ್ಲಿ ಬಿಡು. ಮುಂದಿನ ವರ್ಷ ಏನು ಮಾಡ್ತಿ?”

“ತಿನ್ಲಿಕ್ಕೆ ಆಗದ್ದು.”

ಬಾಟಲಿಯನ್ನು ಎದೆಗೆ ಒತ್ತಿಕೊಂಡು ಅವಳು ಇಳಿದಳು. ಹಿಂದೆಯೇ ಕಾವಲಿಯೂ ಇಳಿಯಿತು.