ಕಾಳವ್ವನ ಶಿವದಾರ

ತೊಂಬತ್ತನಾಲ್ಕರ ಬೇಸಿಗೆಯಲ್ಲಿ, ಹೊತ್ತು ಮುಳುಗುವಾಗ, ಅಡ್ಡಮಳೆ ಸುರಿಯಿತು. ಶಿರಗುಪ್ಪಿ ಹಾದಿಯ ಒಣದ್ರಾಕ್ಷಿ ಶೆಡ್ಡಿಗೆ ತಾಡಪತ್ರಿ ಇಳಿಬಿಟ್ಟು, ದ್ರಾಕ್ಷಿ ಆರಿಸುವ ಹೆಂಗಸರೆಲ್ಲ ಒಳಗೆ ಒತ್ತಿಕೊಂಡು ಕುಳಿತರು. ಶೆಡ್ಡಿನ ಧಣಿ ಲಗಮಣ್ಣನೂ ಅಲ್ಲೇ ಸಿಕ್ಕಿಬಿದ್ದ. ಮಳೆ ಬಂದರೆ ಅವನಿಗೆ ಮಾಲಿನ ಚಿಂತೆಗಿಂತ ಮನೆಯ ಹಾದಿಯ ಚಿಂತೆಯೇ ದೊಡ್ಡದು. ಆ ಹಾದಿ ರುದ್ರಭೂಮಿಯಲ್ಲಿ ಅವನ ದೊಡ್ಡಪ್ಪ ವಿರುಪಾಕ್ಷಪ್ಪ ಕಟ್ಟಿಸಿದ ಕಲ್ಲುಮಂಟಪದ ಮುಂದೆಯೇ ಹೋಗುತ್ತಿತ್ತು. ಎಷ್ಟೋ ವರ್ಷದಿಂದ ಮಳೆಯಲ್ಲಿ ಅವನು ಆ ಕಡೆ ತಲೆ ಹಾಕಿರಲಿಲ್ಲ.

"ಆಯಿ, ಒಂದು ಕತಿ ಹೇಳಬೇ," ಎಂದಳು ಸತ್ತೆವ್ವ. ಮುದುಕಿ ಕಸ್ತೂರೆವ್ವ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡು, ಲಗಮಣ್ಣನನ್ನೇ ನೋಡುತ್ತ ಶುರುಮಾಡಿದಳು.

"ಆ ಮಂಟಪ ನೋಡೀರಲ್ಲ? ಮಗಳು ಕಾಳವ್ವನ ಮ್ಯಾಲ ವಿರುಪಾಕ್ಷಪ್ಪಗ ಎಷ್ಟು ಜೀವ ಇತ್ತು, ಅಂತೀರಿ... ಮಂದಿ ಬಾಯಿ, ಏನಂದ್ರೂ ನಡೀತೈತಿ. ಎಂಬತ್ಮೂರರಾಗ ನಮ್ಮಕ್ಕ ಗಿರಿಜವ್ವ, ಆ ಹುಡುಗೀನ್ನ ಹಡೆದಾಕಿ, ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ ತಿರುಗಿ ಬರೂದ್ರೊಳಗ ಕಾಳವ್ವನ ಹೂಳಿ ಮುಗದಿತ್ತು. ಹಾವು ಕಡೀತು, ಅಂದ ಅಪ್ಪ. ಅಪ್ಪ ನೋಡಿದ ವರನ ಒಲ್ಲೆ ಅಂದ ಹುಡುಗೀನ್ನ ಹುಡುಕ್ಕೊಂಡು ಬಂತಂತ ಹಾವು! ಇರವಲ್ದ್ಯಾಕ... ಆದರ ದೇವರ ಖೋಲ್ಯಾಗ ಗೂಟಕ್ಕ ಏನು ಜೋತಾಡಾಕತ್ತಿತ್ತು, ಗೊತ್ತೈತೇನು? ಕಾಳವ್ವನ ಲಿಂಗ! ನಮ್ಮವರಾಗ ಸತ್ತವರ ಎಡಗೈಯಾಗ ಅವರ ಲಿಂಗ ಇಟ್ಟ ಮಣ್ಣು ಕೊಡತಾರ. ಇದರ ಶಿವದಾರ ಹರದಿದ್ದಿಲ್ಲ, ಸಾವಕಾಶ ಗಂಟು ಬಿಚ್ಚಿದ್ರು. ಹಾವು ಕಡದಾಕಿ ಕೊರಳಾಗಿಂದ ಲಿಂಗ ಯಾಕ ಬಿಚ್ಚತಾರ? ಲಿಂಗ ಇದ್ದ ಮೈಮ್ಯಾಲ ಕೈ ಮಾಡಾಕ ಅಂಜಿ, ಮೊದಲ ತಗದಿಟ್ರು... ಆಮ್ಯಾಲ ಗಡಿಬಿಡ್ಯಾಗ ಮರತ್ರು."

"ಸಾಕ ಬಿಡಬೇ ಆಯಿ, ಹೆಣ್ಣಮಕ್ಕಳು ಅಂಜತಾರ," ಎಂದ ಲಗಮಣ್ಣ. ಅಂಜಿದ್ದವನು ಅವನು.

"ಅಂಜೂದು ಇನ್ನ ಮುಂದ ಐತಿ, ತಮ್ಮಾ. ಕುಣಿ ತಗೀರಿ, ಮಗಳ ಕೈಯಾಗ ಲಿಂಗ ಇಡತೇನಿ ಅಂತ ನಮ್ಮಕ್ಕ ಹೊರಳ್ಯಾಡಿ ಅತ್ತಳು. ಆವಾಗ ಎದ್ದಿತು ನೋಡ್ರಿ ಮಂಟಪ! ಅದು ಪ್ರೀತೀದಲ್ಲ, ಯಾರೂ ಅಗೀಬಾರದಂತ ಎದಿ ಮ್ಯಾಲ ಹೇರಿದ ಕಲ್ಲು. ಮೊದಲ ಮಳಿಗೆ ಬುಡದಾಗ ಬಿರುಕು ಬಿಡ್ತು... ಅದರಾಗಿಂದ ಒಂದು ಎಡಗೈ, ಅಂಗೈ ಮ್ಯಾಲ ಮಾಡಿ, ಬೇಡಿದಂಗ! ನಮ್ಮಕ್ಕ ಕಣ್ಣಾರೆ ನೋಡಿ, ಲಿಂಗ ತರಾಕ ಮನಿಗೆ ಓಡಿದಳು. ಅಷ್ಟರಾಗ ವಿರುಪಾಕ್ಷಪ್ಪ ಬಿರುಕು ಮುಚ್ಚಾಕ ಸಿಮೆಂಟ ತಗೊಂಡು ಬಂದಿದ್ದ. ಆಕಿ ತಿರುಗಿ ಬಂದು ನೋಡಿದ್ರ, ಕೂತಲ್ಲೇ ಸತ್ತಿದ್ದ, ಮೊಣಕೈ ತನಕ ಬಿರುಕಿನ್ಯಾಗ. ಎಳದು ತಗದ್ರ ಮಣಿಕಟ್ಟಿನ ಸುತ್ತ ಐದೂ ಬೆರಳಿನ ಗುರುತು ಮೂಡಿದ್ದುವು."

"ಮುಂದ ಆ ಕೈಯಾಗ ಲಿಂಗ ಇಟ್ಟಳೇನು?" ಕೇಳಿದಳು ಸತ್ತೆವ್ವ.

ಕಸ್ತೂರೆವ್ವ ಸೆರಗಿನಡಿಯಿಂದ ಎರಡು ಶಿವದಾರ ಹೊರಗೆಳೆದಳು. ಒಂದು ಅವಳದು. ಇನ್ನೊಂದು ಯಾರದೆಂದು ಹೇಳಬೇಕಾಗಿರಲಿಲ್ಲ.

"ಇಡಾಕ ಹ್ವಾದಳು. ತಗೋಲಿಲ್ಲ. ಅಕ್ಕ ಸಾಯೂಮುಂದ ಇದನ್ನ ನನ್ನ ಕೊರಳಿಗೆ ಹಾಕಿದಳು. ನಾನೂ ಮಳಿ ಬಂದಾಗೊಮ್ಮೆ ಹೋಗತೇನಿ, ಕಾಳವ್ವ ಮುಷ್ಟಿ ಬಿಗೀತಾಳ. ಗಂಟು ಬಿಚ್ಚಿದಾಂವನ ಕೈಲೆ ಆಕಿಗೆ ಬೇಕಂತ ಕಾಣತೈತಿ... ಅಪ್ಪ ಸತ್ತು ಹ್ವಾದನಲ್ಲ, ಇನ್ನ ಯಾರು, ಅಂತೀರಿ? ವಿರುಪಾಕ್ಷಪ್ಪನ ಬಲಗೈ ಬೆರಳು ಕಬ್ಬಿನ ಗಾಣದಾಗ ಹೋಗಿದ್ದುವು. ಅಷ್ಟ ಸಣ್ಣ ಗಂಟು, ಒಂದ ಕೈಲೆ, ಅವ ಹ್ಯಾಂಗ ಬಿಚ್ಚಿದ?"

ಲಗಮಣ್ಣ ತನ್ನ ಎರಡೂ ಕೈಗಳನ್ನು ಬಗಲಲ್ಲಿ ಹುದುಗಿಸಿಕೊಂಡ. ಹೆಂಗಸರು ಒಬ್ಬೊಬ್ಬರಾಗಿ ಅವನತ್ತ ತಿರುಗಿದರು.

ಮುದುಕಿ ಎದ್ದು ತಾಡಪತ್ರಿ ಸರಿಸಿದಳು. "ಮಳಿ ಸಣ್ಣದಾತು. ಇಷ್ಟೊತ್ತಿಗೆ ಬಿರುಕು ಬಿಟ್ಟಿರತೈತಿ... ಲಗಮಣ್ಣ, ಮಂಟಪದ ತನಕ ನನ್ನ ಕಳಸಾಕ ಬರ್ತೀಯೇನಪಾ?"