ಎರಡನೆಯವರು ಇಳಿಯಲಿ

ದನಿ ಸಣ್ಣ ಮಾಡಿಕೊಂಡೇ ಹೇಳ್ತೀನಿ, ಒಳಗೆ ಮಕ್ಕಳು ಮಲಗಿದ್ದಾರೆ. ಇದು ಯಾರಿಗೋ ಆಗಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು.

ಅಕ್ಕನ ಕೆಲಸ ಗೊತ್ತಲ್ಲ, ಲಿಫ್ಟುಗಳಿಗೆ ಮಾತು ಕಲಿಸೋದು. ಲಿಫ್ಟಿನಲ್ಲಿ ಒಂದು ಹೆಣ್ಣುದನಿ ಬರುತ್ತಲ್ಲ, ಅದು ಮನುಷ್ಯರದ್ದಲ್ಲ. ಬರೆದುಕೊಟ್ಟಿದ್ದನ್ನ ಕಂಪ್ಯೂಟರ್ ಓದುತ್ತೆ. ಐದು ಮಹಡಿಯ ಒಂದು ಕಚೇರಿಯಿಂದ ದೂರು ಬಂತು. ಯಾರೋ ಅಂಕಿ ಹಾಕಿ ಪಕ್ಕದಲ್ಲಿ 'ನೇ' ಅಂತ ಬರೆದಿದ್ದರು. ಅದಕ್ಕೇನು ಗೊತ್ತು? 'ಮೂರು... ನೇ ಮಹಡಿ' ಅಂತ ಓದೋದು. ಮಧ್ಯೆ ಒಂದು ಬಿಕ್ಕಳಿಕೆ. ಕಚೇರಿಯವರೆಲ್ಲ ಅಣಕಿಸಿ ನಗೋರು.

ಹಗಲು ಲಿಫ್ಟಿಗೆ ಬಿಡುವಿಲ್ಲ. ಅಕ್ಕ ಹೋದಾಗ ರಾತ್ರಿ ಎಂಟು. ಹಿಂದಿನ ಗೇಟಿನಿಂದ, ಜಾಲರಿ ಮುಚ್ಚಿದ ಹಾಳುಬಾವಿ ದಾಟಿ, ಒಬ್ಬಳೇ ನಡೆದಳು. ಕಾವಲುಗಾರ ಲಿಫ್ಟಿನ ಬಾಗಿಲವರೆಗೂ ಬಂದ. ಒಳಗೆ ಕಾಲಿಡಲಿಲ್ಲ.

ಅಕ್ಕ ನೆಲದ ಮೇಲೇ ಕೂತು, ಲಿಫ್ಟಿನ ದನಿಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಅಂಕಿಯೆಲ್ಲ ಅಳಿಸಿ ಅಕ್ಷರದಲ್ಲಿ ಬರೆದಳು. ಮೇಲೆ ಹೊರಟಳು.

'ಮೊದಲನೇ ಮಹಡಿ.' ಸರಿ. 'ಎರಡನೇ ಮಹಡಿ.' ಸರಿ. 'ಮೂರನೇ ಮಹಡಿ.' ಬಿಕ್ಕಳಿಕೆ ಹೋಗಿತ್ತು...

ಆಮೇಲೆ ಕಟ್ ಅಂತ ಒಂದು ಸದ್ದು. ಲಿಫ್ಟು ನಿಂತಿತು. ಫ್ಯಾನು ಗರಗರ ಅಂದು ಅದೂ ನಿಂತಿತು.

ಗಂಟೆ ಗುಂಡಿ ಒತ್ತಿದಳು. ಸ್ಪೀಕರಿನಲ್ಲಿ ಕಾವಲುಗಾರನ ದನಿ, ಪಿಸುಪಿಸು.

"ಮೇಡಂ, ಮೆಕ್ಯಾನಿಕ್‌ಗೆ ಫೋನ್ ಮಾಡಿದೀನಿ. ಗಟ್ಟಿಯಾಗಿ ಮಾತಾಡಬೇಡಿ."

"ಯಾಕಪ್ಪಾ?"

ಅವನು ಲೈನು ಕಟ್ ಮಾಡಿದ.

ಆಗ ಲಿಫ್ಟು ಮಾತಾಡಿತು. "ಎರಡು... ನೇ ಯವರು ಇಳಿಯಲಿ."

ಅಂಥ ಸಾಲು ಅಕ್ಕ ಬರೆದೇ ಇರಲಿಲ್ಲ. ಪಟ್ಟಿಯಲ್ಲಿ ಹುಡುಕಿದಳು. ಇಲ್ಲ. ವೈರು ಕಿತ್ತಳು. ದನಿಪೆಟ್ಟಿಗೆಯ ಕರೆಂಟನ್ನೂ ತೆಗೆದಳು.

"ಎರಡನೆಯವರು ಇಳಿಯಲಿ."

ಈ ಸಲ ಎಲ್ಲೂ ತಡೆಯಲಿಲ್ಲ. ಅಚ್ಚುಕಟ್ಟಾಗಿ, ಉಸಿರು ತೆಗೆದುಕೊಂಡು ಹೇಳಿದ ಹಾಗೆ...

ಬಾಗಿಲು ಸರ್ರಂತ ತೆರೆಯಿತು. ಎದುರಿಗೆ ಬರೀ ಗೋಡೆ. ಹೊಸ್ತಿಲಿಗೂ ಗೋಡೆಗೂ ನಡುವೆ ಒಂದು ಗೇಣು ಕತ್ತಲು. ಇಳಿಯೋದಾದರೂ ಎಲ್ಲಿಗೆ? ಅಕ್ಕ ಮೂಲೆಗೆ ಬೆನ್ನು ಒತ್ತಿದಳು. ಒಬ್ಬಳೇ ಇರೋಳು ಎರಡನೆಯವಳು ಹೇಗಾಗ್ತಾಳೆ?

"ನೀನು ಎಷ್ಟನೆಯವಳು?"

ಅದೇ ದನಿ, ಕಿವಿಯ ಪಕ್ಕದಲ್ಲೇ.

"ಮೊದಲನೆಯವಳು," ಅಂದಳು. "ನಾನೇ... ಮೊದಲು ಹತ್ತಿದ್ದು."

ಆಮೇಲೆ ಟಪ್... ಟಪ್... ಬರಿಗಾಲಿನ ಸದ್ದು, ಅವಳ ಪಕ್ಕದಿಂದ ಬಾಗಿಲ ಕಡೆಗೆ. ಮಂಚದಿಂದ ಯಾರೋ ಎದ್ದಾಗ ಆಗುತ್ತಲ್ಲ, ಹಾಗೆ ಲಿಫ್ಟು ಒಂದಿಷ್ಟು ಮೇಲೆದ್ದಿತು. ನೆತ್ತಿಯ ಮೇಲೆ ಹಗ್ಗ ಕಿರ್ರ್ ಅಂತು. ಬಾಗಿಲು ಮುಚ್ಚಿತು. ಲಿಫ್ಟು ತಾನಾಗಿ ಕೆಳಗಿಳಿಯಿತು.

ಕಾವಲುಗಾರ ನೀರು ಕೊಟ್ಟ.

ಮರುದಿನ ಮೆಕ್ಯಾನಿಕ್ ಬಂದ. ಜನ ಹೆಚ್ಚಾದರೆ ಲಿಫ್ಟು ಕೂಗುತ್ತಲ್ಲ, ಆ ತೂಕವೆಲ್ಲ ಅದರೊಳಗೆ ದಾಖಲಾಗಿರುತ್ತೆ. ಅವನು ಮುದ್ರಿಸಿ ಕೊಟ್ಟ ಹಾಳೆ ಈಗಲೂ ಅಕ್ಕನ ಹತ್ತಿರ ಇದೆ. ಸುಳ್ಳು ಹೇಳಿ ನನಗೇನಾಗಬೇಕು, ಈ ಕಣ್ಣಲ್ಲೇ ನೋಡಿದೀನಿ. ಲಿಫ್ಟು ಕೆಳಗೆ ಬಂದಾಗ ಐವತ್ತೆಂಟು ಕೇಜಿ. ಅದು ಅಕ್ಕ, ಅವಳ ಚೀಲ. ಮೇಲೆ ಹೊರಟಾಗ ತೊಂಬತ್ತೊಂಬತ್ತು.

ಅಕ್ಕ ಹತ್ತೋಕೆ ಮುಂಚೆ, ಖಾಲಿ ಲಿಫ್ಟಿನಲ್ಲಿ... ನಲವತ್ತೊಂದು.